ಒಬ್ಬರೇ ಇರುವಾಗ ಓವರ್‌ಡೋಸ್ ಆದರೆ? ಫೋನಿನಲ್ಲಿ ಕಾವಲು ಕೂರುವ ಸಹಾಯವಾಣಿಗಳು

ಕೆನಡಾ ಮತ್ತು ಅಮೆರಿಕದಲ್ಲಿ ಒಂದು ಬಗೆಯ ಸಹಾಯವಾಣಿಗಳು ಹುಟ್ಟಿಕೊಂಡಿವೆ. ಹೆರಾಯಿನ್, ಫೆಂಟನಿಲ್‌ನಂಥ ಮಾದಕವಸ್ತು ಬಳಸುವವರು ಮನೆಯಲ್ಲಿ ಒಬ್ಬರೇ ಇದ್ದರೆ, ಬಳಸುವ ಮೊದಲು ಅಲ್ಲಿಗೆ ಕರೆ ಮಾಡುತ್ತಾರೆ. ಕರೆ ಎತ್ತಿದವರು ಬುದ್ಧಿವಾದ ಹೇಳುವುದಿಲ್ಲ, ನಿಜವಾದ ಹೆಸರು ಕೇಳುವುದಿಲ್ಲ, ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸುವುದಿಲ್ಲ. ಎಲ್ಲಿದ್ದೀರಿ, ಬಾಗಿಲ ಚಿಲಕ ತೆಗೆದಿಟ್ಟಿದ್ದೀರಾ ಎಂದು ಕೇಳಿ, ಆಮೇಲೆ ಫೋನಿನಲ್ಲೇ ಜೊತೆಗಿರುತ್ತಾರೆ. ಮಾತು ನಡೆದಿರುವವರೆಗೆ ಎಲ್ಲವೂ ಸರಿ. ಆ ಕಡೆಯ ದನಿ ನಿಂತುಹೋದರೆ ಆಂಬುಲೆನ್ಸ್ ಕಳುಹಿಸುತ್ತಾರೆ.

ಸಂವಹನ ಅಧ್ಯಯನದ ವಿದ್ಯಾರ್ಥಿನಿಯಾಗಿದ್ದಾಗ ಮೊದಲ ಸಲ ಇದರ ಬಗ್ಗೆ ಓದಿದೆ. ನನಗೂ ಮೊದಲು ಅನ್ನಿಸಿದ್ದು, 'ಇದೆಂಥ ಸಹಾಯ?' ಎಂದೇ. ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದೂ ಅದನ್ನೇ: "ತಗೋಬೇಡ ಅನ್ನೋದು ಬಿಟ್ಟು, ತಗೋ ನಾನಿದೀನಿ ಅಂತಾರಾ?" ಪ್ರಶ್ನೆ ಸಹಜವಾದದ್ದೇ. ಉತ್ತರ ತಿಳಿಯಬೇಕಾದರೆ ಓವರ್‌ಡೋಸ್ ಆದಾಗ ದೇಹದಲ್ಲಿ ಏನಾಗುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಕೊಲ್ಲುವುದು ನಿಂತ ಉಸಿರು

ಅಫೀಮು, ಅದರಿಂದ ಬರುವ ಮಾರ್ಫಿನ್, ಹೆರಾಯಿನ್, ಪ್ರಯೋಗಾಲಯದಲ್ಲಿ ತಯಾರಾಗುವ ಫೆಂಟನಿಲ್, ವೈದ್ಯರು ಬರೆದುಕೊಡುವ ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು, ಇವೆಲ್ಲ ಒಂದೇ ಗುಂಪಿಗೆ ಸೇರಿದವು. ಈ ಗುಂಪಿಗೆ ಒಪಿಯಾಯ್ಡ್ ಎಂದು ಹೆಸರು. ಇವು ಮಿದುಳಿನಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ತಗ್ಗಿಸುತ್ತವೆ, ಹಾಯೆನಿಸುತ್ತವೆ. ತೊಂದರೆ ಏನೆಂದರೆ, ಅದೇ ಬಗೆಯ ಗ್ರಾಹಕಗಳು ಮಿದುಳಿನ ಬುಡದಲ್ಲಿ ಉಸಿರಾಟದ ಲಯವನ್ನು ನಡೆಸುವ ಭಾಗದಲ್ಲೂ ಇವೆ.

ನಾವು ಉಸಿರಾಡುವುದನ್ನು ನೆನಪಿಟ್ಟುಕೊಂಡು ಉಸಿರಾಡುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಕೂಡಲೇ ಮಿದುಳಿನ ಬುಡ ಅದನ್ನು ಗುರುತಿಸಿ 'ಎಳೆದುಕೋ' ಎಂದು ಎದೆಗೆ ಹೇಳುತ್ತದೆ. ಒಪಿಯಾಯ್ಡ್ ಹೆಚ್ಚಾದಾಗ ಈ ಎಚ್ಚರಿಕೆಯ ವ್ಯವಸ್ಥೆಯೇ ಮಂಕಾಗುತ್ತದೆ. ಉಸಿರು ನಿಧಾನವಾಗುತ್ತದೆ, ಅರೆಬರೆಯಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಮನುಷ್ಯ ಒದ್ದಾಡುವುದಿಲ್ಲ, ಕೂಗುವುದಿಲ್ಲ. ನಿದ್ದೆ ಹೋದಂತೆ ಕಾಣುತ್ತಾನೆ. ಆಮ್ಲಜನಕ ಪೂರ್ತಿ ನಿಂತರೆ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 'ಜೋರಾಗಿ ಗೊರಕೆ ಹೊಡೀತಿದಾನೆ, ಮಲಗಲಿ ಬಿಡು, ಬೆಳಗ್ಗೆ ಹೊತ್ತಿಗೆ ಇಳಿದುಹೋಗತ್ತೆ' ಎಂದು ಮನೆಯವರು ಪಕ್ಕದ ಕೋಣೆಯಲ್ಲಿ ಸುಮ್ಮನಾಗುವುದುಂಟು. ಒಪಿಯಾಯ್ಡ್ ಬಳಸಿದವರಲ್ಲಿ ಗಂಟಲಿನಿಂದ ಗೊರಗೊರ ಎಂದು ಬರುವ ವಿಚಿತ್ರ ಗೊರಕೆ ಅನೇಕ ವೇಳೆ ಗಾಳಿಯ ದಾರಿ ಮುಚ್ಚುತ್ತಿರುವುದರ ಸದ್ದು. ಕರೆದರೂ, ಎದೆಯ ಮೂಳೆಯ ಮೇಲೆ ಬೆರಳ ಗೆಣ್ಣುಗಳಿಂದ ಗಟ್ಟಿಯಾಗಿ ತಿಕ್ಕಿದರೂ ಎಚ್ಚರವಾಗದಿದ್ದರೆ, ತುಟಿ ಮತ್ತು ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಅದನ್ನು ನಿದ್ದೆ ಎಂದು ಬಿಡಬಾರದು.

ಇದಕ್ಕೆ ಔಷಧಿ ಇದೆ. ಹೆಸರು ನಲಾಕ್ಸೋನ್. 1961ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1971ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಳೆಯ ಔಷಧಿ. ಇದು ಅದೇ ಗ್ರಾಹಕಗಳಿಗೆ ಒಪಿಯಾಯ್ಡ್‌ಗಿಂತ ಗಟ್ಟಿಯಾಗಿ ಅಂಟಿಕೊಂಡು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಮೂಗಿಗೆ ಸಿಂಪಡಿಸಿದರೆ ಅಥವಾ ಸ್ನಾಯುವಿಗೆ ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಬಹುದು. ಒಪಿಯಾಯ್ಡ್ ಇಲ್ಲದ ದೇಹಕ್ಕೆ ತಪ್ಪಾಗಿ ಕೊಟ್ಟರೂ ಹಾನಿಯಾಗುವುದು ತೀರ ವಿರಳ. ಅಮೆರಿಕ 2023ರಲ್ಲಿ ಇದರ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿ ಇಲ್ಲದೆ ಮಾರಲು ಅನುಮತಿ ಕೊಟ್ಟಿತು. ಕೆನಡಾದ ಹಲವು ಪ್ರಾಂತ್ಯಗಳಲ್ಲಿ ಔಷಧಿ ಅಂಗಡಿಗಳೇ ಇದರ ಕಿಟ್ಟನ್ನು ಉಚಿತವಾಗಿ ಕೊಡುತ್ತವೆ.

ಆದರೆ ಉಸಿರು ನಿಂತವರು ನಲಾಕ್ಸೋನ್ ಅನ್ನು ತಮಗೆ ತಾವೇ ಹಾಕಿಕೊಳ್ಳಲಾರರು. ಕಿಟ್ಟು ಮೇಜಿನ ಮೇಲೇ ಇರಬಹುದು, ಎತ್ತಿಕೊಳ್ಳಲು ಇನ್ನೊಂದು ಕೈ ಬೇಕು. ಆ ಇನ್ನೊಂದು ಕೈ ಇಲ್ಲದ ಮನೆಗಳಿಗಾಗಿಯೇ ಫೋನಿನ ಕಾವಲು ಹುಟ್ಟಿದ್ದು.

ಮುಚ್ಚಿದ ಬಾಗಿಲು

ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2016ರ ಏಪ್ರಿಲ್ 14ರಂದು ಓವರ್‌ಡೋಸ್ ಸಾವುಗಳನ್ನು ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿತು. ಬೀದಿಯಲ್ಲಿ ಸಿಗುವ ಹೆರಾಯಿನ್ ಜಾಗಕ್ಕೆ ಫೆಂಟನಿಲ್ ಬಂದಿತ್ತು. ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ. ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಟ್ಟಾಗ ಅದು ಒಳ್ಳೆಯ ಔಷಧಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಿಮ್ಮಲ್ಲಿ ಹಲವರಿಗೆ ಅರಿವಳಿಕೆ ತಜ್ಞರು ಕೊಟ್ಟಿರಲೂಬಹುದು. ಕಳ್ಳ ಮಾರುಕಟ್ಟೆಯಲ್ಲಿ ಅದನ್ನು ಬೇರೆ ಪುಡಿಗಳ ಜೊತೆ ಅಂದಾಜಿನಲ್ಲಿ ಬೆರೆಸುತ್ತಾರೆ. ಹಿಟ್ಟಿಗೆ ಉಪ್ಪು ಸರಿಯಾಗಿ ಬೆರೆಯದಿದ್ದರೆ ಒಂದು ರೊಟ್ಟಿ ಸಪ್ಪೆ, ಇನ್ನೊಂದು ಬಾಯಿಗಿಡಲಾಗದಷ್ಟು ಉಪ್ಪು ಆಗುವುದಿಲ್ಲವೇ? ಒಂದೇ ಪೊಟ್ಟಣದಲ್ಲಿ ನಿನ್ನೆ ತೆಗೆದ ಚಿಟಿಕೆ ಮತ್ತು ಇವತ್ತಿನ ಚಿಟಿಕೆಯ ನಡುವೆ ಅಷ್ಟೇ ವ್ಯತ್ಯಾಸ ಇರುತ್ತದೆ. ಆದರೆ ಇಲ್ಲಿ ಹೆಚ್ಚು ಕಡಿಮೆಯಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ.

ಕೆನಡಾದಲ್ಲಿ 2016ರಿಂದ 2024ರ ಕೊನೆಯವರೆಗೆ 50 ಸಾವಿರಕ್ಕೂ ಹೆಚ್ಚು ಜನ ಒಪಿಯಾಯ್ಡ್ ವಿಷದಿಂದ ಸತ್ತರು. ಅಮೆರಿಕದಲ್ಲಿ 2021, 2022, 2023 ಈ ಮೂರೂ ವರ್ಷಗಳಲ್ಲಿ ಎಲ್ಲ ಬಗೆಯ ಮಾದಕವಸ್ತುಗಳ ಓವರ್‌ಡೋಸ್‌ನಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಾವು.

ಇವರೆಲ್ಲ ಎಲ್ಲಿ ಸತ್ತರು? ಬೀದಿ ಬದಿಯಲ್ಲಿ, ಮೇಲ್ಸೇತುವೆಯ ಕೆಳಗೆ ಎಂದು ನಮ್ಮ ಕಲ್ಪನೆ. ಬ್ರಿಟಿಷ್ ಕೊಲಂಬಿಯಾದ ಲೆಕ್ಕ ಬೇರೆ ಹೇಳುತ್ತದೆ. ಅಲ್ಲಿ ಹತ್ತರಲ್ಲಿ ಸುಮಾರು ಎಂಟು ಸಾವು ನಾಲ್ಕು ಗೋಡೆಗಳ ಒಳಗೆ ನಡೆದಿವೆ, ಅದರಲ್ಲೂ ಸ್ವಂತ ಮನೆ, ಬಾಡಿಗೆ ಕೋಣೆಗಳಲ್ಲೇ ಹೆಚ್ಚು. ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಗಂಡಸರು. ಕೆಲಸದಲ್ಲಿದ್ದವರ ಪೈಕಿ ಕಟ್ಟಡ ಕೆಲಸ, ಸಾಗಣೆಯಂಥ ಮೈಮುರಿಯುವ ಕೆಲಸದವರು ಬಹಳ. ಬೆನ್ನುನೋವಿಗೆ ಶುರುವಾದ ಮಾತ್ರೆ, ಯಾರಿಗೂ ಗೊತ್ತಾಗಬಾರದೆಂಬ ಅಂಜಿಕೆ, ಕೆಲಸ ಹೋದೀತೆಂಬ ಭಯ. ಇವು ಬಚ್ಚಲುಮನೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಸುತ್ತವೆ. ಮನೆಯಲ್ಲಿ ಬೇರೆಯವರಿದ್ದರೂ ಆ ಬಾಗಿಲ ಹಿಂದೆ ಮನುಷ್ಯ ಒಬ್ಬನೇ.

ವ್ಯಾಂಕೂವರ್ ನಗರದಲ್ಲಿ 2003ರಲ್ಲೇ ಇನ್‌ಸೈಟ್ ಎಂಬ ಕೇಂದ್ರ ತೆರೆದಿತ್ತು. ಜನ ತಾವೇ ತಂದ ಮಾದಕವಸ್ತುವನ್ನು ದಾದಿಯರ ಕಣ್ಣೆದುರು, ಸ್ವಚ್ಛ ಸೂಜಿಯಲ್ಲಿ ಚುಚ್ಚಿಕೊಳ್ಳುವ ಜಾಗ ಅದು. ಉತ್ತರ ಅಮೆರಿಕದಲ್ಲಿ ಕಾನೂನಿನ ಒಪ್ಪಿಗೆ ಪಡೆದ ಮೊದಲನೆಯದು. ಆ ಬಗೆಯ ಕೇಂದ್ರ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1986ರಲ್ಲೇ ಇತ್ತು. ಇನ್‌ಸೈಟ್‌ನಲ್ಲಿ ಓವರ್‌ಡೋಸ್‌ಗಳು ಆಗುತ್ತಿದ್ದವು, ಆದರೆ ಪಕ್ಕದಲ್ಲೇ ಜನ ಇದ್ದುದರಿಂದ ಸಾವು ಆಗುತ್ತಿರಲಿಲ್ಲ.

ಹಾಗಾದರೆ ಎಲ್ಲರೂ ಅಲ್ಲಿಗೇ ಹೋಗಬಹುದಲ್ಲ? ಹೋಗಲಾರರು. ಕೇಂದ್ರಗಳಿರುವುದು ದೊಡ್ಡ ನಗರಗಳ ಕೆಲವು ಬೀದಿಗಳಲ್ಲಿ. ನೂರಾರು ಕಿಲೋಮೀಟರ್ ದೂರದ ಗಣಿ ಊರಿನವನು, ಪರಿಚಯದವರ ಕಣ್ಣಿಗೆ ಬಿದ್ದರೆ ಮಕ್ಕಳನ್ನು ಸರ್ಕಾರ ಕರೆದುಕೊಂಡು ಹೋದೀತೆಂದು ಹೆದರುವ ತಾಯಿ ಅಲ್ಲಿಗೆ ಕಾಲಿಡುವುದಿಲ್ಲ. ಗಂಡಸರ ಗುಂಪಿನ ನಡುವೆ ಕೂರಲು ಹಿಂಜರಿಯುವ ಹೆಂಗಸರಿಗಾಗಿ 2017ರಲ್ಲಿ ವ್ಯಾಂಕೂವರ್‌ನಲ್ಲೇ ಪ್ರತ್ಯೇಕ ಜಾಗ ತೆರೆಯಬೇಕಾಯಿತು. ಇನ್ನೊಂದು ತೊಡಕು: ಈ ಕೇಂದ್ರಗಳನ್ನು ಕಟ್ಟಿದ್ದು ಚುಚ್ಚಿಕೊಳ್ಳುವವರಿಗೆ. ಕಾಲ ಕಳೆದಂತೆ ಸೇದುವವರ ಸಂಖ್ಯೆ ಹೆಚ್ಚಾಯಿತು, ಅವರಿಗೆ ಒಳಗೆ ಜಾಗವಿರಲಿಲ್ಲ. ಅದರ ಮೇಲೆ 2020ರಲ್ಲಿ ಕೋವಿಡ್ ಬಂತು. 'ಮನೆಯಲ್ಲೇ ಇರಿ, ಒಬ್ಬರೇ ಇರಿ' ಎಂದು ಇಡೀ ಜಗತ್ತಿಗೆ ಹೇಳಲಾಯಿತು. 'ಒಬ್ಬರೇ ಬಳಸಬೇಡಿ' ಎಂದು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದ ಕಾರ್ಯಕರ್ತರಿಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಕರೆ ನಡೆಯುವುದು ಹೇಗೆ?

ಬಳಸುವವರು ತಮ್ಮತಮ್ಮಲ್ಲೇ ಇದನ್ನು ಮೊದಲಿಂದ ಮಾಡುತ್ತಿದ್ದರು. ಗೆಳೆಯನಿಗೆ ಫೋನ್ ಹಚ್ಚಿ, 'ಹತ್ತು ನಿಮಿಷ ಲೈನಲ್ಲಿರು' ಎನ್ನುವುದು. ಇದಕ್ಕೆ ಅಲ್ಲಿ ಸ್ಪಾಟಿಂಗ್ ಎನ್ನುತ್ತಾರೆ. ಜಿಮ್‌ಗೆ ಹೋಗುವವರಿಗೆ ಈ ಪದ ಗೊತ್ತಿರುತ್ತದೆ: ಬೆಂಚಿನ ಮೇಲೆ ಮಲಗಿ ಭಾರ ಎತ್ತುವಾಗ ತಲೆಯ ಹಿಂದೆ ಒಬ್ಬರು ನಿಂತಿರುತ್ತಾರಲ್ಲ, ಅವರೇ ಸ್ಪಾಟರ್. ಭಾರ ಎತ್ತುವುದು ನೀವೇ. ಕೈ ಸೋತರೆ ಮಾತ್ರ ಅವರು ಕೈ ಹಾಕುತ್ತಾರೆ.

ಸಹಾಯವಾಣಿಗಳು ಇದನ್ನೇ ವ್ಯವಸ್ಥಿತವಾಗಿ ಮಾಡಿದವು. ಅಮೆರಿಕದಲ್ಲಿ 'ನೆವರ್ ಯೂಸ್ ಅಲೋನ್' 2019ರಲ್ಲಿ ಶುರುವಾಯಿತು. ಕೆನಡಾದಲ್ಲಿ ಇಡೀ ದೇಶಕ್ಕೆಂದು 'ನ್ಯಾಷನಲ್ ಓವರ್‌ಡೋಸ್ ರೆಸ್ಪಾನ್ಸ್ ಸರ್ವಿಸ್' 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. ಚಿಕ್ಕದಾಗಿ ನಾರ್ಸ್ ಎನ್ನುತ್ತಾರೆ. ಎರಡರಲ್ಲೂ ಕರೆ ಎತ್ತುವವರಲ್ಲಿ ಹಲವರು ಹಿಂದೊಮ್ಮೆ ಅಥವಾ ಈಗಲೂ ಬಳಸಿದ ಅನುಭವ ಇರುವವರು, ಇಲ್ಲವೇ ಮನೆಯವರನ್ನು ಕಳೆದುಕೊಂಡವರು.

ಮಾತಿನ ರಚನೆಯನ್ನು ಅಧ್ಯಯನ ಮಾಡುವವಳಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕರೆಗಳಲ್ಲಿ ಪ್ರಶ್ನೆಗಳು ಬರುವ ಕ್ರಮ. ಸಾಮಾನ್ಯ ಸಹಾಯವಾಣಿಯಲ್ಲಿ ಮೊದಲ ಪ್ರಶ್ನೆ 'ನಿಮ್ಮ ಸಮಸ್ಯೆ ಏನು?'. ಇಲ್ಲಿ ಮೊದಲು ಕೇಳುವುದು 'ಎಲ್ಲಿದ್ದೀರಿ?' ಎಂದು. ಊರು, ಬೀದಿ, ಮನೆ ಸಂಖ್ಯೆ, ಎಷ್ಟನೆಯ ಮಹಡಿ, ಲಿಫ್ಟ್‌ಗೆ ಕೋಡ್ ಇದೆಯೇ. ಕರೆ ಮುರಿದರೆ ಮರಳಿ ಮಾಡಲು ನಂಬರ್. ಆಮೇಲೆ ಏನು ತೆಗೆದುಕೊಳ್ಳುತ್ತೀರಿ, ಹೇಗೆ. ನಲಾಕ್ಸೋನ್ ಇದೆಯೇ, ಇದ್ದರೆ ಬಂದವರಿಗೆ ಕಾಣುವಂತೆ ತೆಗೆದಿಡಿ. ಬಾಗಿಲ ಚಿಲಕ ತೆಗೆಯಿರಿ. ನಾಯಿ ಇದ್ದರೆ ಬೇರೆ ಕೋಣೆಗೆ ಕಟ್ಟಿ, ಇಲ್ಲದಿದ್ದರೆ ಆಂಬುಲೆನ್ಸ್‌ನವರು ಒಳಗೆ ಬರಲಾರರು. ಈ ಪ್ರಶ್ನೆಗಳೆಲ್ಲ ಹತ್ತು ನಿಮಿಷದ ನಂತರ ಆ ಬಾಗಿಲಿಗೆ ಓಡಿಬರಬಹುದಾದ ಅಪರಿಚಿತರ ಪರವಾಗಿ ಈಗಲೇ ಕೇಳುತ್ತಿರುವ ಪ್ರಶ್ನೆಗಳು.

ನಾರ್ಸ್‌ನಲ್ಲಿ ಇನ್ನೊಂದು ಆಯ್ಕೆ ಇತ್ತು. ಏನಾದರೂ ಆದರೆ ಮೊದಲು ಆಂಬುಲೆನ್ಸ್ ಬೇಡ, ಪಕ್ಕದ ಮನೆಯ ಗೆಳತಿಗೆ ಹೇಳಿ, ಅವಳ ಬಳಿ ಕಿಟ್ಟು ಇದೆ, ಎಂದು ಕರೆ ಮಾಡಿದವರೇ ಯೋಜನೆ ಹೇಳಬಹುದಿತ್ತು. ಪೊಲೀಸರ ಭಯ ಇರುವವರನ್ನು ಫೋನ್ ಎತ್ತುವಂತೆ ಮಾಡಿದ್ದು ಇಂಥ ಸಣ್ಣ ರಿಯಾಯಿತಿಗಳೇ.

ಆಮೇಲಿನದು ಬರಿ ಹರಟೆ. ಹವಾಮಾನ, ಬೆಕ್ಕು, ಟಿವಿಯಲ್ಲಿ ಬರುತ್ತಿರುವ ಮ್ಯಾಚ್. ಕೇಳುವವರಿಗೆ ಮಾತಿನ ಅರ್ಥಕ್ಕಿಂತ ದನಿಯ ಮೇಲೆ ಗಮನ. ಪದಗಳು ಎಳೆಯುತ್ತಿವೆಯೇ, ಉತ್ತರ ತಡವಾಗುತ್ತಿದೆಯೇ, ಉಸಿರು ಭಾರವಾಯಿತೇ. ಮಾತಾಡಲು ಮನಸ್ಸಿಲ್ಲದವರು ಸುಮ್ಮನಿರಬಹುದು, ಆದರೆ ಆಗಾಗ 'ಇದ್ದೀರಾ?' ಎಂದಾಗ 'ಹೂಂ' ಎನ್ನಬೇಕು. ಬಹುಪಾಲು ಕರೆಗಳು ಏನೂ ಆಗದೆ ಮುಗಿಯುತ್ತವೆ. ಕಾಲು ಗಂಟೆಯ ನಂತರ 'ಈಗ ಪರವಾಗಿಲ್ಲ, ಇಡುತ್ತೇನೆ' ಎಂದು ಫೋನ್ ಇಡುತ್ತಾರೆ.

ಏನೋ ಆಗುವ ಕರೆಗಳೂ ಇವೆ. ಅಮೆರಿಕದ ರೇಡಿಯೋ ಕಾರ್ಯಕ್ರಮ 'ದಿಸ್ ಅಮೆರಿಕನ್ ಲೈಫ್' 2023ರಲ್ಲಿ ನೆವರ್ ಯೂಸ್ ಅಲೋನ್‌ಗೆ ಬಂದ ಒಂದು ಕರೆಯ ಧ್ವನಿಮುದ್ರಣವನ್ನು ಆಧರಿಸಿ ಇಡೀ ಸಂಚಿಕೆ ಮಾಡಿತು. ಕರೆ ಮಾಡಿದವಳು ಮ್ಯಾಸಚೂಸೆಟ್ಸ್ ರಾಜ್ಯದ ಯುವತಿ. ಎತ್ತಿದವರು ದೂರದ ಜಾರ್ಜಿಯಾದಲ್ಲಿದ್ದ ಜೆಸ್ಸಿ ಬ್ಲಾಂಚರ್ಡ್ ಎಂಬ ದಾದಿ. ಆ ಕಡೆಯಿಂದ ಉತ್ತರ ನಿಂತಾಗ ಅವರು ಇನ್ನೊಂದು ಲೈನಿನಲ್ಲಿ ಆ ಊರಿನ ತುರ್ತು ಸೇವೆಗೆ ಸುದ್ದಿ ಮುಟ್ಟಿಸಿದರು. ಯುವತಿ ಬದುಕಿದಳು. ಕೇಳುವಾಗ ನನಗೆ ಕಷ್ಟವಾದದ್ದು ಮಾತಲ್ಲ, ಮಾತು ನಿಂತ ಮೇಲಿನ ಮೌನ. ಆ ಮೌನದಲ್ಲಿ ಹೆಸರು ಕರೆಯುತ್ತಲೇ ಇರುವ ಒಂದು ದನಿ.

ಮನುಷ್ಯರ ಬದಲು ಆ್ಯಪ್

ಎಲ್ಲರಿಗೂ ಮಾತಾಡುವ ಮನಸ್ಸಿರುವುದಿಲ್ಲ. ಅಂಥವರಿಗೆ ಬ್ರಿಟಿಷ್ ಕೊಲಂಬಿಯಾ 2020ರ ಮೇ ತಿಂಗಳಲ್ಲಿ 'ಲೈಫ್‌ಗಾರ್ಡ್' ಎಂಬ ಆ್ಯಪ್ ತಂದಿತು. ಬಳಸುವ ಮೊದಲು ಆ್ಯಪ್ ತೆರೆದು ಎಲ್ಲಿದ್ದೀರಿ, ಏನು ತೆಗೆದುಕೊಳ್ಳುತ್ತೀರಿ ಎಂದು ತುಂಬಬೇಕು. 50 ಸೆಕೆಂಡಿನ ನಂತರ ಅಲಾರಾಂ ಹೊಡೆಯುತ್ತದೆ. ಗುಂಡಿ ಒತ್ತಿ ನಿಲ್ಲಿಸದಿದ್ದರೆ ಸದ್ದು ಏರುತ್ತದೆ. 75 ಸೆಕೆಂಡಿಗೆ ತಾನಾಗಿ ತುರ್ತು ಸೇವೆಗೆ ಕರೆ ಹೋಗುತ್ತದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ 2021ರಲ್ಲಿ ಬಂದ 'ಡಾರ್ಸ್' ಆ್ಯಪ್ ಕೂಡ ಟೈಮರ್ ಮೇಲೆಯೇ ನಡೆಯುವುದು, ಆದರೆ ಅಲ್ಲಿ ಟೈಮರ್ ಮುಗಿದಾಗ ಮೊದಲು ಒಬ್ಬ ಸಿಬ್ಬಂದಿ ಫೋನ್ ಮಾಡಿ ವಿಚಾರಿಸುತ್ತಾರೆ. ವ್ಯಾಂಕೂವರ್‌ನ 'ಬ್ರೇವ್' ಸಂಸ್ಥೆ ಆ್ಯಪ್ ಜೊತೆಗೆ ಗೋಡೆಗೆ ಅಂಟಿಸುವ ಗುಂಡಿಗಳನ್ನೂ ಶೌಚಾಲಯದ ಚಾವಣಿಯಲ್ಲಿ ಕೂರಿಸುವ ಸಂವೇದಕಗಳನ್ನೂ ಮಾಡಿತು. ಒಳಗೆ ಹೋದವರ ಅಲುಗಾಟ ನಿಂತರೆ ಕಟ್ಟಡದ ಸಿಬ್ಬಂದಿಗೆ ಸೂಚನೆ ಹೋಗುತ್ತದೆ. ಕ್ಯಾಮೆರಾ ಇಲ್ಲ ಎನ್ನುವುದು ಮುಖ್ಯ.

ಇದೆಲ್ಲಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ. ರಾಜಲಕ್ಷ್ಮಿ ನಂದಕುಮಾರ್, ಶ್ಯಾಮನಾಥ ಗೊಲ್ಲಕೋಟ ಮತ್ತು ಜೇಕಬ್ ಸನ್‌ಶೈನ್ 2019ರಲ್ಲಿ ಪ್ರಕಟಿಸಿದ ಸಂಶೋಧನೆ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ಹಾಗೆ ಮಾಮೂಲಿ ಸ್ಮಾರ್ಟ್‌ಫೋನ್ ನಮ್ಮ ಕಿವಿಗೆ ಕೇಳದ ಸದ್ದನ್ನು ಹೊರಡಿಸಿ, ಎದೆಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಉಸಿರಾಟವನ್ನು ಎಣಿಸುತ್ತದೆ. ಸುಮಾರು ಮೂರು ಅಡಿ ದೂರದಲ್ಲಿ ಫೋನ್ ಇಟ್ಟರೆ ಸಾಕು. ಇನ್‌ಸೈಟ್ ಕೇಂದ್ರದಲ್ಲೇ, ಅಲ್ಲಿಗೆ ಬರುವವರ ಒಪ್ಪಿಗೆ ಪಡೆದು ಪರೀಕ್ಷಿಸಿದರು. ಆಮೇಲೆ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಅರಿವಳಿಕೆ ಕೊಡುವಾಗ ಉಸಿರು ಕೆಲ ಕ್ಷಣ ನಿಲ್ಲುತ್ತದಲ್ಲ, ಆ ಹೊತ್ತಿನಲ್ಲಿ ಫೋನಿಟ್ಟು ನೋಡಿದರು: 20ರಲ್ಲಿ 19 ಸಲ ಸರಿಯಾಗಿ ಹಿಡಿಯಿತು. ಆದರೆ ಪ್ರಯೋಗಾಲಯದಲ್ಲಿ ಗೆದ್ದದ್ದು ಮಲಗುವ ಕೋಣೆಯಲ್ಲಿ ಗೆಲ್ಲಬೇಕಾದರೆ ಆ ಮನುಷ್ಯ ಪ್ರತಿ ಸಲ ಆ್ಯಪ್ ತೆರೆಯಬೇಕು. ಕಷ್ಟ ಇರುವುದು ಅಲ್ಲಿ.

ಇದು ಚಟಕ್ಕೆ ಕುಮ್ಮಕ್ಕು ಅಲ್ಲವೇ?

ಅಮ್ಮನ ಪ್ರಶ್ನೆಗೆ ಬರೋಣ. 'ಕಾವಲಿದ್ದಾರೆ ಎಂಬ ಧೈರ್ಯಕ್ಕೆ ಜನ ಹೆಚ್ಚು ಬಳಸುತ್ತಾರೆ' ಎಂಬ ವಾದ ನಲಾಕ್ಸೋನ್ ಬಗ್ಗೆಯೂ ಬಂದಿತ್ತು, ಸೂಜಿ ವಿನಿಮಯದ ಬಗ್ಗೆಯೂ ಬಂದಿತ್ತು. 2018ರಲ್ಲಿ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ನಲಾಕ್ಸೋನ್ ಸುಲಭವಾಗಿ ಸಿಗುವಂತಾದರೆ ಅಪಾಯದ ಬಳಕೆ ಹೆಚ್ಚಬಹುದೆಂದು ಲೆಕ್ಕ ಹಾಕಿದ್ದರು. ಸಾರ್ವಜನಿಕ ಆರೋಗ್ಯದ ಸಂಶೋಧಕರು ಹಲವರು ಆ ವಿಧಾನವನ್ನೇ ಪ್ರಶ್ನಿಸಿದರು. ಒಟ್ಟಾರೆ ಸಂಶೋಧನೆಗಳು ಆ ದಿಕ್ಕಿಗೆ ಬೆರಳು ತೋರುವುದಿಲ್ಲ. ಇನ್‌ಸೈಟ್ ಮುಚ್ಚಿಸಲು ಅಂದಿನ ಕೆನಡಾ ಸರ್ಕಾರ ಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2011ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದು: ಕೇಂದ್ರ ಜೀವ ಉಳಿಸಿದೆ, ಸುತ್ತಮುತ್ತ ಮಾದಕವಸ್ತು ಬಳಕೆಯನ್ನಾಗಲಿ ಅಪರಾಧವನ್ನಾಗಲಿ ಹೆಚ್ಚಿಸಿಲ್ಲ. ಒಂಬತ್ತೂ ನ್ಯಾಯಮೂರ್ತಿಗಳದು ಒಂದೇ ಅಭಿಪ್ರಾಯ.

ಅಂಕಿ ಅಂಶ ಬಿಟ್ಟು ಸುಮ್ಮನೆ ಯೋಚಿಸಿ ನೋಡಿ. ಫೋನ್ ಮಾಡುವ ಹೊತ್ತಿಗೆ ಆ ವ್ಯಕ್ತಿಯ ಕೈಯಲ್ಲಿ ಪೊಟ್ಟಣ ಬಂದಾಗಿದೆ. ಬಳಸಬೇಕೋ ಬೇಡವೋ ಎಂದು ಕೇಳಲು ಅವರು ಫೋನ್ ಮಾಡಿಲ್ಲ. ಸಾಯಬಾರದು ಎಂದು ಮಾಡಿದ್ದಾರೆ. ವಿಳಾಸ ಕೊಟ್ಟು, ಚಿಲಕ ತೆಗೆದು, ನಾಯಿ ಕಟ್ಟಿ, ಅಪರಿಚಿತರನ್ನು ನಂಬಿ ಕೂತವರನ್ನು 'ಜೀವದ ಹಂಗಿಲ್ಲದವರು' ಎನ್ನುವುದು ಹೇಗೆ? ಕೆಲವರು ಇದೇ ಲೈನಿನಲ್ಲಿ ಮುಂದೊಂದು ದಿನ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಕೇಳದವರನ್ನೂ ಆ ಕಡೆಯವರು ಒತ್ತಾಯಿಸುವುದಿಲ್ಲ. ಸತ್ತವರಿಗೆ ಚಿಕಿತ್ಸೆ ಕೊಡಲಾಗುವುದಿಲ್ಲ ಎನ್ನುವುದು ಅವರ ಲೆಕ್ಕ. ಇದು ಅಮ್ಮನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಫೋನ್ ಎತ್ತೋರು ಪಾಪ ಹೆಂಗೆ ನಿದ್ದೆ ಮಾಡ್ತಾರೋ" ಎಂದರು. ಅದೂ ನ್ಯಾಯವಾದ ಮಾತೇ. ಕರೆ ಎತ್ತುವವರ ಮೇಲೆ ಬೀಳುವ ಭಾರದ ಬಗ್ಗೆ ಸಂಶೋಧಕರೂ ಬರೆದಿದ್ದಾರೆ.

ಫೋನಿಗೆ ಮಿತಿಗಳಿವೆ. ಆಂಬುಲೆನ್ಸ್ ಬರಲು 40 ನಿಮಿಷ ಬೇಕಾಗುವ ಊರಿಗೆ ನಾಲ್ಕನೇ ನಿಮಿಷದಲ್ಲಿ ಸುದ್ದಿ ಮುಟ್ಟಿಸಿ ಪ್ರಯೋಜನ ಕಡಿಮೆ. ಫೋನೇ ಇಲ್ಲದವರು, ಕರೆನ್ಸಿ ಮುಗಿದವರು ಬಹಳ. ಬೀದಿಯ ಪುಡಿಯಲ್ಲಿ ಈಗ ನಿದ್ದೆ ಮಾತ್ರೆಯ ಗುಂಪಿನ ಔಷಧಿಗಳೂ, ಜಾನುವಾರು ವೈದ್ಯರು ಬಳಸುವ ಜೈಲಜೀನ್ ಎಂಬ ಮಂಪರು ಮದ್ದೂ ಬೆರೆತಿರುತ್ತವೆ. ಅವುಗಳ ಮೇಲೆ ನಲಾಕ್ಸೋನ್ ಕೆಲಸ ಮಾಡದು. ಉಸಿರು ಮರಳಿದರೂ ಮನುಷ್ಯ ಗಂಟೆಗಟ್ಟಲೆ ಏಳುವುದಿಲ್ಲ, ಮಾತಿಲ್ಲದ್ದನ್ನೇ ಅಪಾಯವೆಂದು ಅಳೆಯುವ ಫೋನಿಗೆ ಇದು ಗೊಂದಲ. ಎಲ್ಲಕ್ಕಿಂತ ದೊಡ್ಡ ಮಿತಿ, ಅಪಾಯದಲ್ಲಿರುವ ಬಹುಪಾಲು ಜನ ಕರೆ ಮಾಡುವುದೇ ಇಲ್ಲ. ಇಂಥ ಸೇವೆ ಇದೆಯೆಂದು ಹಲವರಿಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಹಲವರಿಗೆ ಪೊಲೀಸರು ಬರುತ್ತಾರೆಂಬ ಭಯ. ಈ ಭಯಕ್ಕಾಗಿಯೇ ಕೆನಡಾ 2017ರ ಮೇ ತಿಂಗಳಲ್ಲಿ ಕಾನೂನು ಮಾಡಿ, ಓವರ್‌ಡೋಸ್ ಎಂದು ತುರ್ತು ಸೇವೆಗೆ ಕರೆ ಮಾಡಿದವರ ಮೇಲೂ ಅಲ್ಲಿದ್ದವರ ಮೇಲೂ ಸ್ವಂತಕ್ಕೆ ಇಟ್ಟುಕೊಂಡ ಮಾದಕವಸ್ತುವಿನ ಕೇಸು ಹಾಕಬಾರದು ಎಂದಿತು.

ನಮಗೆ ಈ ಭಯ ಬೇರೆ ರೂಪದಲ್ಲಿ ಪರಿಚಿತ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಎತ್ತಲು ಹೋದರೆ ಠಾಣೆ, ಕೋರ್ಟು ಅಲೆಯಬೇಕಾದೀತೆಂದು ಜನ ದೂರ ನಿಲ್ಲುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿತು.

ನಮ್ಮಲ್ಲಿ?

ಫೆಂಟನಿಲ್ ಪ್ರವಾಹ ನಮ್ಮ ಬೀದಿಗಳಿಗೆ ಆ ಪ್ರಮಾಣದಲ್ಲಿ ಬಂದಿಲ್ಲ. ಹಾಗೆಂದು ಒಪಿಯಾಯ್ಡ್ ನಮ್ಮ ಸಮಸ್ಯೆಯಲ್ಲ ಎನ್ನುವಂತಿಲ್ಲ. ದೆಹಲಿಯ ಏಮ್ಸ್ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ವರದಿ ಕೊಟ್ಟ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಒಪಿಯಾಯ್ಡ್ ಬಳಸುತ್ತಾರೆ, ಅದರಲ್ಲಿ ಸುಮಾರು 77 ಲಕ್ಷ ಜನರಿಗೆ ಅದು ಸಮಸ್ಯೆಯಾಗಿದೆ. ಪಂಜಾಬ್ ಮತ್ತು ಈಶಾನ್ಯ ರಾಜ್ಯಗಳ ಹೆಸರು ಮೊದಲು ಬರುತ್ತದೆ. ಟಪೆಂಟಡಾಲ್ ಮಾತ್ರೆಯನ್ನು ಅಕ್ರಮವಾಗಿ ಮಾರಿದ, ನಶೆಗೆ ಬಳಸಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲೂ ಓದುತ್ತಿದ್ದೇವೆ. ಗಾಂಜಾ ಹೀಗೆ ಉಸಿರು ನಿಲ್ಲಿಸುವುದಿಲ್ಲ. ಆದರೆ ಒಪಿಯಾಯ್ಡ್ ಜೊತೆಗೆ ಮದ್ಯ ಅಥವಾ ನಿದ್ದೆ ಮಾತ್ರೆ ಸೇರಿದರೆ ಅಪಾಯ ಬಹಳ ಹೆಚ್ಚು.

ನಮ್ಮಲ್ಲಿ ಮನೆಯವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಇದೆ. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಮರಳಿದ ಮೊದಲ ಕೆಲವು ವಾರಗಳು ಅತ್ಯಂತ ಅಪಾಯದ ದಿನಗಳು. ಬಿಟ್ಟಿದ್ದಷ್ಟು ದಿನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಆದರೆ ಕೈಗೆ ಹಳೆಯ ಅಳತೆಯೇ ನೆನಪು. 'ಈಗ ಬಿಟ್ಟಿದಾನಲ್ಲ' ಎಂದು ಎಲ್ಲರೂ ನಿರಾಳವಾದ ಹೊತ್ತಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಒಂದೇ ಸಲಕ್ಕೆ ಆಗಿಹೋಗುತ್ತದೆ.

ಕೇಂದ್ರ ಸರ್ಕಾರದ 14446 ವ್ಯಸನಮುಕ್ತಿಗೆ ಸಲಹೆ ಕೊಡುವ ಉಚಿತ ಸಹಾಯವಾಣಿ. 2022ರಲ್ಲಿ ಶುರುವಾದ ಟೆಲಿ ಮಾನಸ್, ಅಂದರೆ 14416, ಮಾನಸಿಕ ಆರೋಗ್ಯಕ್ಕೆ. ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಪಯುಕ್ತ. ಆದರೆ ಬಳಸುವ ಹೊತ್ತಿನಲ್ಲಿ ಜೊತೆಗಿದ್ದು ಉಸಿರು ಕಾಯುವುದು ಇವುಗಳ ಕೆಲಸವಲ್ಲ. ನಲಾಕ್ಸೋನ್ ನಮ್ಮಲ್ಲಿ ಮುಖ್ಯವಾಗಿ ಆಸ್ಪತ್ರೆಯ ಚುಚ್ಚುಮದ್ದು. ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ಅದನ್ನು ಬಳಸುವವರ ಹತ್ತಿರ ತಲುಪಿಸುವ ಕೆಲಸ ಮಾಡಿವೆ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಸೇವನೆಯೂ ಅಪರಾಧ. ತಾನಾಗಿ ಚಿಕಿತ್ಸೆಗೆ ಬಂದವರಿಗೆ 64ಎ ಕಲಮಿನಲ್ಲಿ ರಕ್ಷಣೆ ಇದೆ, ಓವರ್‌ಡೋಸ್ ಆದಾಗ ಫೋನ್ ಮಾಡಿದ ಗೆಳೆಯನಿಗೆ ಎಂದು ಹೇಳುವ ಮಾತು ಅದರಲ್ಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಗೆಳೆಯ ನೀಲಿಯಾಗಿ ಬಿದ್ದಿರುವಾಗ ಉಳಿದವರು ಏಕೆ ಮೊದಲು ಕೋಣೆ ಸ್ವಚ್ಛ ಮಾಡುತ್ತಾರೆ ಎನ್ನುವುದು ಇದರಿಂದ ಅರ್ಥವಾಗುತ್ತದೆ.

ಅಂಥ ಕೋಣೆಯಲ್ಲಿ ನೀವಿದ್ದರೆ: ಮೊದಲು 108 ಅಥವಾ 112. 'ಉಸಿರಾಡುತ್ತಿಲ್ಲ, ಎಚ್ಚರವಿಲ್ಲ' ಎಂದು ಹೇಳಿ, ಏನು ತೆಗೆದುಕೊಂಡಿದ್ದಾರೆಂದು ಗೊತ್ತಿದ್ದರೆ ಅದನ್ನೂ ಹೇಳಿ. ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುತ್ತಾ ಕೂರುವುದು, ಬಾಯಿಗೆ ಮಜ್ಜಿಗೆ, ನಿಂಬೆರಸ, ಉಪ್ಪುನೀರು ಹುಯ್ಯುವುದು ಬೇಡ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗದ್ದ ಎತ್ತಿ, ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಕೊಡಿ. ನಾಡಿಯೇ ಸಿಗದಿದ್ದರೆ ಎದೆ ಒತ್ತಲು ಶುರುಮಾಡಿ, ಹೇಗೆಂದು ಫೋನಿನಲ್ಲಿರುವವರನ್ನು ಕೇಳಿ. ಉಸಿರಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಸಿಗದ ಹಾಗೆ. ನಲಾಕ್ಸೋನ್ ಕೊಟ್ಟು ಎದ್ದು ಕೂತರೂ ಆಸ್ಪತ್ರೆ ಬೇಡ ಎನ್ನಬೇಡಿ. ಅದರ ಪರಿಣಾಮ ಸಾಮಾನ್ಯವಾಗಿ 30ರಿಂದ 90 ನಿಮಿಷ ಮಾತ್ರ, ಒಳಗಿನ ಒಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ನಿಲ್ಲಬಹುದು. ಅಷ್ಟು ಹೊತ್ತೂ ಪಕ್ಕದಲ್ಲಿ ಯಾರಾದರೂ ಕೂತಿರಬೇಕು.